ಕುಂಕುಮ ಹಚ್ಚಿದ ಕನ್ನಡಕ

ದಸರಾದ ಮರುದಿನ ನನಗೆ ರಜೆ ಸಿಕ್ಕಿದ್ದೇ ಇಲ್ಲ. ಊರೆಲ್ಲ ಹೋಳಿಗೆಯ ಮಂಪರಿನಲ್ಲಿರುವಾಗ ನಮ್ಮ ಡೊಂಬಿವಲಿಯ ಮನೆಯ ಫೋನು ಬೆಳಗ್ಗೆ ಏಳಕ್ಕೇ ಹೊಡೆದುಕೊಳ್ಳುತ್ತಿತ್ತು.

"ಸಾಹೇಬ್, ಮಶೀನ್ ಕಾಮ್ ನಹೀ ಕರ್ ರಹಾ."

"ಕಲ್ ಪೂಜಾ ಕಿಯಾ?"

"ಹಾಂ ಸಾಹೇಬ್, ಏಕ್ದಮ್ ಜೋರ್ ಸೇ ಕಿಯಾ!"

ಅಷ್ಟು ಕೇಳಿದರೆ ಸಾಕು, ರೋಗ ಗೊತ್ತಾಗುತ್ತಿತ್ತು. ಕನ್ನಡಿಗೆ ಊದುಬತ್ತಿಯ ಮಸಿ, ಲೆನ್ಸಿಗೆ ಅರಶಿನ, ಒಳಗೆ ಎಲ್ಲೋ ತೆಂಗಿನ ನೀರು. ಹತ್ತಿ, ಸ್ಪಿರಿಟ್ಟು, ಒಂದು ಹೆಚ್ಚುವರಿ ಲೆನ್ಸು ಚೀಲಕ್ಕೆ ಹಾಕಿ ಹೊರಟರೆ ಸಂಜೆಯೊಳಗೆ ಐದು ಕಾರ್ಖಾನೆ ಮುಗಿಸಿ, ಐದೂ ಕಡೆಯ ಪ್ರಸಾದ ಕಟ್ಟಿಕೊಂಡು ಮನೆಗೆ ಬರುತ್ತಿದ್ದೆ.

ನನ್ನ ಹೆಸರು ಪ್ರಭಾಕರ ಆಚಾರ್ಯ. ಲೇಸರ್ ಯಂತ್ರಗಳನ್ನು ರಿಪೇರಿ ಮಾಡುತ್ತ ಠಾಣೆ, ಕಲ್ಯಾಣ, ನವಿ ಮುಂಬಯಿಯ ಗಲ್ಲಿಗಲ್ಲಿ ಸುತ್ತಿದವನು. ನಿವೃತ್ತನಾಗಿ ನಾಲ್ಕು ವರ್ಷವಾಯಿತು. ಈಗ ಇದನ್ನು ಬರೆಯಲು ಕಾರಣ ಪ್ರೀತಿ ಎಂಬ ಹುಡುಗಿ. ಠಾಣೆಯ ಪಕ್ಕದ ಕಳವಾ ಎಂಬ ಊರಿನಲ್ಲಿ ಸ್ಟೀಲ್ ಪಾತ್ರೆಗಳ ಮೇಲೆ ಲೇಸರಿನಿಂದ ಹೆಸರು ಕೆತ್ತುವ ನಮ್ಮ ಸದಾನಂದನ ಮಗಳು. ಈ ವರ್ಷ ಅಪ್ಪನ ಯಂತ್ರ ಅವಳ ಕೈಗೆ ಬಂದಿದೆ. "ಅಂಕಲ್, ಯಂತ್ರದ ಪುಸ್ತಕದಲ್ಲಿ ಇಲ್ಲದ್ದು ಬರೆದು ಕೊಡಿ" ಎಂದು ಹಿಂದಿಯಲ್ಲಿ ಕೇಳಿದಳು. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅವಳಪ್ಪ ಓದಿ ಹೇಳಲಿ. ಅವನೂ ಕೇಳಬೇಕಾದವನೇ. ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಬಚ್ಚಿಟ್ಟುಕೊಂಡ ಒಂದು ವಿಷಯವನ್ನು ಈ ದಸರಾದಂದು ಆ ಹುಡುಗಿಯ ಎರಡು ಕಣ್ಣುಗಳ ಸಲುವಾಗಿ ಬಾಯಿಬಿಟ್ಟು ಹೇಳಬೇಕಾಯಿತು. ಆದರೆ ಮೊದಲಿನಿಂದ ಹೇಳುತ್ತೇನೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ದೇಸಾಯಿ ಸಾಹೇಬರು, ಧಾರವಾಡದ ಕಡೆಯವರು. ಸಂದರ್ಶನದಲ್ಲಿ ಲೇಸರ್ ಎಂದರೇನು ಎಂದು ಕೇಳಿದರು. ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದ ಉದ್ದದ ಇಂಗ್ಲಿಷ್ ಹೆಸರನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಅದು ಹೆಸರಾತು. ಅದು ಹ್ಯಾಂಗ ಆಗ್ತದ, ಅದನ್ನ ಹೇಳ್ರಿ."

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಅದಕ್ಕೇ ಕೆಲಸ ಕೊಟ್ಟರಂತೆ. ನನಗಿಂತ ಮೊದಲು ಬಂದ ನಾಲ್ವರು ಗೊತ್ತಿಲ್ಲದಿದ್ದರೂ ಅರ್ಧ ಗಂಟೆ ಮಾತಾಡಿದ್ದರಂತೆ.

ಅವರ ಮನೆಯೂ ಡೊಂಬಿವಲಿಯಲ್ಲೇ ಇದ್ದುದರಿಂದ ಪಾಠ ಲೋಕಲ್ ಟ್ರೇನಿನಲ್ಲೇ ನಡೆಯಿತು. ನಮ್ಮ ಡಬ್ಬಿಯಲ್ಲಿ ದಿನಾ ಬೆಳಗ್ಗೆ ಒಂದು ಭಜನಾ ಮಂಡಳಿ ತಾಳ ಹಿಡಿದು ಕೂರುತ್ತಿತ್ತು. ಸಾಹೇಬರು ಅವರ ಕಡೆ ಕೈ ತೋರಿಸಿದರು.

"ಅವರೆಲ್ಲಾ ಪರಮಾಣು ಅಂತ ತಿಳಕೋರಿ. ಚಹಾ ಕುಡದಾರ, ಕೂಡಲಿಕ್ಕೆ ಸೀಟು ಸಿಕ್ಕದ, ಹುರುಪಿನ್ಯಾಗ ಇದ್ದಾರ. ಹೊರಗಿಂದ ಶಕ್ತಿ ಕೊಡೋದು ಅಂದ್ರ ಅಷ್ಟ. ಒಬ್ಬ ಅಭಂಗ ಶುರು ಮಾಡ್ದ. ಬಾಜೂದವ ಬ್ಯಾರೆ ಹಾಡು ಹಾಡ್ದನೇನು? ಇಲ್ಲ. ಅದ ಹಾಡು, ಅದ ತಾಳ. ಒಂದು ಬೆಳಕಿನ ಕಣ ಹೋಗಿ ಹುರುಪಿನ ಪರಮಾಣೂನ ಮುಟ್ಟಿದ್ರ ಅದರಿಂದ ಅಂಥದ್ದ ಇನ್ನೊಂದು ಹೊರಗ ಬರ್ತದ. ಎರಡು ನಾಕಾತು, ನಾಕು ಎಂಟಾತು. ಎರಡೂ ತುದೀಗೆ ಕನ್ನಡಿ ಇಟ್ಟು ಅತ್ತಿಂದಿತ್ತ ಓಡಾಡಿಸಿದ್ರ ಇಡೀ ಡಬ್ಬಿ ಒಂದ ದನ್ಯಾಗ ಹಾಡತದ. ಒಂದು ಕನ್ನಡಿ ಬೇಕಂತನ ಸ್ವಲ್ಪ ಸೋರೂ ಹಂಗ ಮಾಡಿರ್ತಾರ. ಸೋರಿ ಹೊರಗ ಬಂದದ್ದ ಲೇಸರ್."

"ಮತ್ತೆ ಸಾಧಾರಣ ಬಲ್ಬು ಸಾರ್?"

ಅಷ್ಟರಲ್ಲಿ ಠಾಣೆ ಬಂತು. ಡಬ್ಬಿಯ ಜನವೆಲ್ಲ ಒಬ್ಬರನ್ನೊಬ್ಬರು ತಳ್ಳಿಕೊಂಡು ಎಂಟೂ ದಿಕ್ಕಿಗೆ ಇಳಿಯಿತು. "ಇದ ನೋಡ್ರಿ ಬಲ್ಬು" ಎಂದು ಸಾಹೇಬರೂ ಆ ಗುಂಪಿನಲ್ಲಿ ಮಾಯವಾದರು. ಮುಂದೆ ಸಾವಿರ ಗಿರಾಕಿಗಳಿಗೆ ನಾನು ಇದನ್ನೇ ಹೇಳಿದ್ದೇನೆ. ಇದಕ್ಕಿಂತ ಚೆನ್ನಾಗಿ ಹೇಳಲು ಇಂದಿಗೂ ಬರುವುದಿಲ್ಲ.

ಸಾಹೇಬರ ಇನ್ನೊಂದು ಪಾಠವೂ ಇತ್ತು. "ಕಾಣೋ ಬೆಳಕಿಗೆ ಹೆದರಬ್ಯಾಡ್ರಿ, ಅದು ಬಂದ್ರ ಕಣ್ಣು ತಾನ ಮುಚ್ಚತದ. ಕಾಣಲಾರದ್ದು ಬಂದ್ರ ಕಣ್ಣಿಗೆ ಯಾರು ಹೇಳಬೇಕು?" ನಮ್ಮ ಯಂತ್ರಗಳಲ್ಲಿ ಹೆಚ್ಚಿನವುಗಳ ಕಿರಣ ಕಣ್ಣಿಗೆ ಕಾಣುವುದೇ ಇಲ್ಲ. ಯಂತ್ರದಲ್ಲಿ ಕಾಣುವ ಕೆಂಪು ಚುಕ್ಕೆ ದಾರಿ ತೋರಿಸುವುದಕ್ಕಷ್ಟೇ, ಕೊಯ್ಯುವವನು ಬೇರೆ. ಅದಕ್ಕೇ ಆ ಕಿರಣ ತಡೆಯಲೆಂದೇ ಮಾಡಿದ ಹಸಿರು ಗಾಜಿನ ಕನ್ನಡಕ ಹಾಕಬೇಕು, ಕೈಯಲ್ಲಿ ಹೊಳೆಯುವ ವಸ್ತು ಇರಬಾರದು. ಎರಡನ್ನೂ ನಾನು ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡಿದ್ದೆ.

ಬರೆದುಕೊಂಡು ಮೂರನೇ ವರ್ಷ, ಒಂದು ಮೇ ತಿಂಗಳ ಮಧ್ಯಾಹ್ನ, ಹಳೆಯ ಕಾಲದ ಒಂದು ಯಂತ್ರದ ಕನ್ನಡಿಗಳನ್ನು ಸರಿಮಾಡುತ್ತಿದ್ದೆ. ಬೆವರಿಗೆ ಕನ್ನಡಕ ಮಂಜಾಗುತ್ತಿತ್ತು. ಎರಡು ಸಲ ಒರೆಸಿದೆ. ಮೂರನೇ ಸಲ ತೆಗೆದು ಯಂತ್ರದ ಮೂಲೆಗೆ ನೇತುಹಾಕಿದೆ. ಎಡಗೈಯಲ್ಲಿ ಮಾವ ಮದುವೆಗೆ ಕೊಟ್ಟ ಗಡಿಯಾರ. ಮದುವೆಯಾಗಿ ವರ್ಷವಷ್ಟೇ ಆಗಿತ್ತು, ಅದರ ಉಕ್ಕಿನ ಪಟ್ಟಿ ಇನ್ನೂ ಹೊಸ ಹೊಳಪಿನಲ್ಲಿತ್ತು. ಕಿರಣ ಎಲ್ಲಿ ಬೀಳುತ್ತದೆ ಎಂದು ನೋಡಲು ಕಾಗದ ಹಿಡಿದ ಕೈಯನ್ನು ಒಂದಿಷ್ಟು ಮುಂದೆ ಚಾಚಿದೆ.

ತಲೆಯೊಳಗೆ ಟಪ್ ಎಂದಂತಾಯಿತು. ನೋವು ಇಲ್ಲ, ಉರಿ ಇಲ್ಲ. ಕಿರಣ ಗಡಿಯಾರದ ಪಟ್ಟಿಗೆ ಬಡಿದು ಎಡಗಣ್ಣಿಗೆ ಹೊಕ್ಕಿತ್ತು. ಭೂತಗನ್ನಡಿಯಿಂದ ಬಿಸಿಲನ್ನು ಒಂದು ಚುಕ್ಕೆಗೆ ಸೇರಿಸಿ ಕಾಗದ ಸುಡುತ್ತಾರಲ್ಲ, ಆ ಕೆಲಸವನ್ನು ನಮ್ಮ ಕಣ್ಣಿನ ಮಸೂರವೇ ಒಳಗಿನ ಪರದೆಯ ಮೇಲೆ ಮಾಡಿಬಿಡುತ್ತದೆ. ಗೋಡೆಯ ಕ್ಯಾಲೆಂಡರ್ ನೋಡಿದೆ. ಎಡಗಣ್ಣಿಗೆ ಅದರ ನಾಲ್ಕು ಅಂಚೂ ಕಾಣುತ್ತಿತ್ತು, ನೋಡಲು ಹೋದ ತಾರೀಖು ಮಾತ್ರ ಇರಲಿಲ್ಲ.

ಠಾಣೆಯ ಒಬ್ಬ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, ಇದು ಗುಣವಾಗುವುದಲ್ಲ, ಇನ್ನೊಂದು ಕಣ್ಣು ಜೋಪಾನ ಎಂದರು. ನಾನು ಯಾರಿಗೂ ಹೇಳಲಿಲ್ಲ. ಲೇಸರ್ ಕಂಪನಿಯಲ್ಲಿ ಕಣ್ಣು ಸುಟ್ಟುಕೊಂಡವನನ್ನು ಯಾರು ಇಟ್ಟುಕೊಳ್ಳುತ್ತಾರೆ? ವರ್ಷಕ್ಕೊಮ್ಮೆಯ ಕಣ್ಣಿನ ತಪಾಸಣೆಗೆ ಅಕ್ಷರಗಳ ಸಾಲನ್ನು ಬಲಗಣ್ಣಿನಲ್ಲಿ ಓದುವಾಗಲೇ ಬಾಯಿಪಾಠ ಮಾಡಿ ಎಡಗಣ್ಣಿನ ಸರದಿಯಲ್ಲಿ ಒಪ್ಪಿಸುತ್ತಿದ್ದೆ. ಬಾಯಿಪಾಠ ನನಗೆ ಮೊದಲಿಂದಲೂ ಸಲೀಸು. ಆದರೂ ಹೆದರಿದ್ದೆ, ತುಂಬಾ ಹೆದರಿದ್ದೆ. ಮನೆಯಲ್ಲಿ ಹೆಂಡತಿ ಶಾಲಿನಿ ಊಟ ಬಡಿಸುವಾಗ ಬಲಗಣ್ಣು ಮುಚ್ಚಿ ಅವಳನ್ನು ನೋಡುತ್ತಿದ್ದೆ. ಎರಡು ಕಿವಿಯೋಲೆ ಕಾಣುತ್ತಿದ್ದವು, ಮೂಗುತಿ ಕಾಣುತ್ತಿರಲಿಲ್ಲ.

ಗಡಿಯಾರವನ್ನು ಬಟ್ಟೆಯಲ್ಲಿ ಸುತ್ತಿ ಉಪಕರಣದ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಕೈ ಬರಿದಾದದ್ದು ಶಾಲಿನಿಯ ಕಣ್ಣಿಗೆ ಬಿತ್ತು.

"ಅಪ್ಪ ಕೊಟ್ಟ ವಾಚು ಎಲ್ಲಿ?"

"ದಿವಾ ಸ್ಟೇಷನ್ನಿನ ರಶ್ಶಿನಲ್ಲಿ ಯಾರೋ ಹೊಡೆದರು."

ಆವತ್ತಿನಿಂದ ನಮ್ಮ ಟ್ರೇನು ದಿವಾದಲ್ಲಿ ನಿಂತಾಗಲೆಲ್ಲ ಅವಳು ಕಿಟಕಿಯಿಂದ ಪ್ಲಾಟ್‌ಫಾರ್ಮ್ ನೋಡಿ, "ಅವನ ಕೈ ಸೇದಿಹೋಗ್ಲಿ" ಎಂದು ಶಪಿಸದೆ ಮುಂದೆ ಹೋದದ್ದಿಲ್ಲ. ಮಾವ ಇನ್ನೊಂದು ಗಡಿಯಾರ ಕಳಿಸಿದರು. ಅದನ್ನು ಕೈಗೆ ಕಟ್ಟದೆ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡೆ. ಕಳ್ಳರ ಭಯ ಎಂದೆ. ಅವಳಿಗೆ ನನ್ನ ಜಾಗ್ರತೆ ಕಂಡು ಸಂತೋಷವಾಯಿತು.

ಇಷ್ಟಾದರೂ ಕೆಲಸ ಮಜವಾಗಿತ್ತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಕಲ್ಯಾಣದಲ್ಲಿ ಒಬ್ಬ ಚೀಲ ಹೊಲಿಯುವವನಿದ್ದ. ಬಟ್ಟೆ ಕತ್ತರಿಸಲು ಕೊಟ್ಟ ಯಂತ್ರ ಎರಡೇ ತಿಂಗಳಲ್ಲಿ ಒಳಗೆಲ್ಲ ತುಕ್ಕು. "ಸಮುದ್ರದ ಹವೆ ಸಾಹೇಬ್" ಎಂದು ಪ್ರಮಾಣ ಮಾಡಿದ. ಕಲ್ಯಾಣಕ್ಕೆ ಸಮುದ್ರ ಯಾವಾಗ ಬಂತು ಎಂದು ಕೇಳಿ, ಮೇಜಿನಡಿಯ ಚೂರುಗಳನ್ನು ಎಳೆದು ನೋಡಿದರೆ ಎಲ್ಲ ರೆಗ್ಝಿನ್, ಪ್ಲಾಸ್ಟಿಕ್ ಬಳಿದ ಬಟ್ಟೆ. ಪಿವಿಸಿಯ ರೆಗ್ಝಿನನ್ನು ಲೇಸರಿನಲ್ಲಿ ಸುಟ್ಟರೆ ಬರುವ ಹೊಗೆ ಆಮ್ಲವಾಗಿ ಕಬ್ಬಿಣ ತಿನ್ನುತ್ತದೆ, ಎದೆಯನ್ನೂ ತಿನ್ನುತ್ತದೆ. ಅವನ ಕೆಮ್ಮಿಗೂ ಸಮುದ್ರದ ಹವೆಯೇ ಕಾರಣ ಎಂದು ಅವನು ನಂಬಿದ್ದ. ರೆಗ್ಝಿನ್ ಬಿಟ್ಟ ಮೇಲೆ ಕೆಮ್ಮೂ ಬಿಟ್ಟಿತು.

ಆಮೇಲೆ ನವಿ ಮುಂಬಯಿಯ ಖಾರಘರದಲ್ಲಿ ಚರ್ಮದ ಕ್ಲಿನಿಕ್ಕುಗಳು ಎದ್ದವು. ಬೇಡದ ಕೂದಲನ್ನು ತೆಗೆಯುವ ಲೇಸರ್. ಅದರ ಬೆಳಕನ್ನು ಕೂದಲಿನ ಕಪ್ಪು ಹೀರಿಕೊಂಡು ಬಿಸಿಯಾಗುತ್ತದೆ, ಬೇರು ಸಾಯುತ್ತದೆ. ರಿಪೇರಿಯಾದ ಮೇಲೆ ಪರೀಕ್ಷೆ ಮಾಡಲು ಕೈ ಯಾರು ಕೊಡುತ್ತಾರೆ? ನನ್ನದೇ ಎಡಗೈ. ಮಾಡಬಾರದ ಕೆಲಸ, ನೀವು ಮಾಡಬೇಡಿ. ಒಂದು ವರ್ಷದಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಚೌಕ ಚೌಕ ಬೋಳಾಗಿ ಚದುರಂಗದ ಮಣೆಯ ಹಾಗಾಯಿತು. ಶಾಲಿನಿ ಏನೋ ಚರ್ಮರೋಗವೆಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿದಳು. ಕೂದಲು ಬರದೆ ಇದ್ದದ್ದನ್ನು ನೋಡಿ ದೇಸಾಯಿ ಸಾಹೇಬರು, "ಚಲೋ ರಿಪೇರಿ ಮಾಡೀರಿ" ಎಂದು ಹೊಗಳಿದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಕೆಲಸದ ರೀತಿಯೂ ಬದಲಾಯಿತು. ಮೊದಲು ಯಂತ್ರದೊಳಗೆ ತಲೆ ತೂರಿಸಿ, ನೀರಿನ ಪೈಪು ಬಿಚ್ಚಿ, ಮೈಯೆಲ್ಲ ಒದ್ದೆ ಮಾಡಿಕೊಂಡು ಕನ್ನಡಿ ತಿರುಗಿಸಬೇಕಿತ್ತು. ಈಗ ಕೂದಲೆಳೆಯಂಥ ಗಾಜಿನ ತಂತಿಯೊಳಗೇ ಲೇಸರ್ ಹುಟ್ಟುತ್ತದೆ, ತಿರುಗಿಸಲು ಕನ್ನಡಿಗಳೇ ಕಡಿಮೆ. ಹೊಸ ಇಂಜಿನಿಯರುಗಳು ಮನೆಯಲ್ಲೇ ಕೂತು ವಿಡಿಯೋ ಕಾಲಿನಲ್ಲಿ ರಿಪೇರಿ ಮಾಡುತ್ತಾರೆ. ಒಳ್ಳೆಯದೇ. ಆದರೆ ವಿಡಿಯೋ ಕಾಲಿನಲ್ಲಿ ಮೇಜಿನಡಿಯ ರೆಗ್ಝಿನ್ ಕಾಣುವುದಿಲ್ಲ.

ಈಗ ಸದಾನಂದನ ಕತೆ. ಕುಂದಾಪುರದ ಕಡೆಯಿಂದ ಬಂದು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಹದಿನೈದು ವರ್ಷ ಕೂತವನು, ಅದನ್ನು ಬಿಟ್ಟು ಕಳವಾ ಊರಿನಲ್ಲಿ ಈ ಲೇಸರ್ ಯಂತ್ರ ಇಟ್ಟ. ಹೋಟೆಲಿನ ಲೋಟಗಳಿಂದ ಹಿಡಿದು ಮದುವೆಯಲ್ಲಿ ಹಂಚುವ ಡಬ್ಬಿಗಳವರೆಗೆ ಎಲ್ಲದರ ಮೇಲೂ ಹೆಸರು ಕೆತ್ತಿ ಕೊಡುತ್ತಿದ್ದ. ಯಂತ್ರ ಬಂದ ಮೊದಲ ದಸರಾದ ಮರುದಿನ ಫೋನು ಮಾಡಿದ. ದನಿಯಲ್ಲಿ ಅಳು.

"ಆಚಾರ್ರೆ, ಒಮ್ಮೆ ಬನ್ನಿ ಮಾರಾಯ್ರೆ. ಹುಡುಗಿ ಉಂಟು, ಹುಡುಗ ಉಂಟು, ಮದುವೆಯೇ ಇಲ್ಲ!"

ಹೋಗಿ ನೋಡಿದೆ. ಮುನ್ನೂರು ಸ್ಟೀಲ್ ಡಬ್ಬಿ. ಪ್ರತಿಯೊಂದರ ಮುಚ್ಚಳದ ಎಡಕ್ಕೆ ಸ್ನೇಹಾ, ಬಲಕ್ಕೆ ಮಂಜುನಾಥ. ನಡುವೆ ಇರಬೇಕಾದ 'ವೆಡ್ಸ್' ಅಳಿಸಿಹೋದಂತೆ ಮಸುಕು. ಯಂತ್ರದ ಕೆಳಗೆ ಕತ್ತು ಹಾಕಿ ಮೇಲೆ ನೋಡಿದರೆ, ದುಂಡಗಿನ ಲೆನ್ಸಿನ ನಟ್ಟನಡುವೆ ರೂಪಾಯಿ ಅಗಲದ ಕುಂಕುಮ, ಸುಟ್ಟು ಕಪ್ಪಾಗಿ ಕೂತಿತ್ತು.

"ಎಂತ ಮಾಡುದು, ಲೇತ್ ಮಶೀನಿಗೆ ಹಣೆ ಇರ್ತದೆ. ಇದಕ್ಕೆ ಹಣೆ ಎಲ್ಲಿ ಅಂತ ಹುಡುಕಿ ಹುಡುಕಿ ಸಾಕಾಯ್ತು. ಕಡೆಗೆ ಇದೊಂದು ದುಂಡಗೆ ಮುಖದ ಹಾಗೆ ಕಾಣ್ತು" ಎಂದ ಸದಾನಂದ.

ಎಲ್ಲರೂ ನಕ್ಕೆವು. ನಾನು ಹೆಚ್ಚೇ ನಕ್ಕೆ. ಆದರೆ ಲೆನ್ಸು ಬಿಚ್ಚುತ್ತ ಆ ಮುಚ್ಚಳಗಳನ್ನು ಮತ್ತೆ ಮತ್ತೆ ನೋಡಿದೆ. ಎರಡು ತುದಿ ಇದೆ, ನಡುವಿನದ್ದು ಇಲ್ಲ. ನನ್ನ ಎಡಗಣ್ಣಿನಲ್ಲೂ ಇದೇ ಆಗಿದ್ದು. ಲೆನ್ಸು ಬೇರೆ ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ಹೊಸ ಲೆನ್ಸು ಹಾಕಿದ ಮೇಲೆ ನನಗೊಂದು ಉಪಾಯ ಹೊಳೆಯಿತು. ಪೂಜೆ ಮಾಡಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಹಸಿರು ಕನ್ನಡಕವನ್ನು ಅವನ ಕೈಗೆ ಕೊಟ್ಟು, "ಸದಾನಂದ, ಇನ್ನು ಮುಂದೆ ಲೆನ್ಸಿಗೆ ಬೇಡ, ಇದಕ್ಕೆ ಪೂಜೆ ಮಾಡು. ನಿನ್ನ ಕಣ್ಣು ಕಾಯುವ ದೇವರು ಇದು" ಎಂದೆ. ಅವನಿಗೆ ಒಪ್ಪಿಗೆಯಾಯಿತು. ಲೆನ್ಸೂ ಉಳಿಯಿತು, ಕನ್ನಡಕಕ್ಕೂ ಮರ್ಯಾದೆ ಬಂತು ಎಂದು ಬೀಗಿದೆ. ಆಮೇಲೆ ಹೋದಲ್ಲೆಲ್ಲ ಇದೇ ಉಪದೇಶ ಮಾಡಿದೆ. ದಸರಾದ ಮರುದಿನದ ಫೋನುಗಳು ಅರ್ಧಕ್ಕೆ ಇಳಿದವು. ನನ್ನ ಜೀವಮಾನದ ದೊಡ್ಡ ಸಾಧನೆ ಇದೇ ಎಂದು ಈ ವರ್ಷದವರೆಗೂ ತಿಳಿದುಕೊಂಡಿದ್ದೆ.

ಈ ವರ್ಷದ ದಸರಾಕ್ಕೆ ಸದಾನಂದ ಊಟಕ್ಕೆ ಕರೆದ. ಯಂತ್ರವನ್ನು ಮಗಳ ಕೈಗೆ ಕೊಡುವ ದಿನ, ನೀವು ಬರಲೇಬೇಕು ಎಂದ. ಶಾಲಿನಿಯನ್ನೂ ಕರೆದುಕೊಂಡು ಹೋದೆ. ಬಾಗಿಲಿಗೆ ಗೊಂಡೆ ಹೂವಿನ ತೋರಣ. ಎಲ್ಲರೂ ಒಬ್ಬರ ಕೈಗೊಬ್ಬರು, ಈ ಕಡೆ ಬನ್ನಿಯ ಬದಲು ಕೊಡುವ ಆಪಟೆಯ ಎಲೆ ಕೊಟ್ಟು ಬಂಗಾರ ತಗೊಳ್ಳಿ ಎನ್ನುತ್ತಿದ್ದರು. ಲೆನ್ಸಿಗೆ ಮುಚ್ಚಳ ಹಾಕಿತ್ತು, ಒಂದು ಕಣ ಕುಂಕುಮ ಇಲ್ಲ. ದೇವರ ಗೂಡಿನಲ್ಲಿ ಗಣಪತಿಯ ಪಕ್ಕ ನನ್ನ ಹಸಿರು ಕನ್ನಡಕ, ಮೇಲೊಂದು ಹೂವು. ಕುಂಕುಮ ಪದರ ಪದರವಾಗಿ ಕೂತಿತ್ತು. ನೋಡಿ ನನಗೆ ಎದೆಯುಬ್ಬಿತು. ಶಾಲಿನಿಗೂ ಮೊಣಕೈಯಿಂದ ತಿವಿದು ತೋರಿಸಿದೆ.

ಆರತಿಯಾದ ಮೇಲೆ ಮುಹೂರ್ತದ ಕೆತ್ತನೆ. ಹೊಳೆಯುವ ಸ್ಟೀಲ್ ತಟ್ಟೆಯೊಂದನ್ನಿಟ್ಟು ಅದರ ನಡುವೆ 'ಶ್ರೀ' ಬರೆಯಬೇಕು. ಪ್ರೀತಿ ಕುಳಿತಳು. ಅಕ್ಷರ ಸರಿಯಾಗಿ ನಡುವೆ ಬರುತ್ತದೋ ನೋಡಲು ತಟ್ಟೆಯ ಮೇಲೆ ಮುಖ ಬಗ್ಗಿಸಿದಳು. ಬೆರಳು ಗುಂಡಿಯ ಮೇಲಿತ್ತು. ಕಣ್ಣಿಗೆ ಏನೂ ಇರಲಿಲ್ಲ.

"ನಿಲ್ಲು!" ಎಂದು ಕೂಗಿ ಕೆಂಪು ಸ್ವಿಚ್ಚಿಗೆ ಬಡಿದೆ. ಯಂತ್ರ ಸತ್ತಿತು. ಎಲ್ಲರೂ ನನ್ನನ್ನೇ ನೋಡಿದರು.

"ಕನ್ನಡಕ ಎಲ್ಲಿ?"

"ಅಂಕಲ್, ವೋ ತೋ ಭಗವಾನ್ ಕೇ ಪಾಸ್ ಹೈ ನಾ" ಎಂದು ಪ್ರೀತಿ ಗೂಡಿನ ಕಡೆ ತೋರಿಸಿದಳು.

ಸದಾನಂದ ಸಮಾಧಾನ ಮಾಡಲು ಬಂದ. "ನೀವೇ ಹೇಳಿದ್ದಲ್ವಾ ಆಚಾರ್ರೆ, ದೇವರು ಅಂತ? ಪೂಜೆ ಮಾಡಿದ್ದನ್ನು ಮೂಗಿನ ಮೇಲೆ ಇಟ್ಟು ಬೆವರು ತಾಗಿಸುದು ಹೇಗೆ? ಆ ದಿನದಿಂದ ನಾವು ಅದನ್ನು ಕಣ್ಣಿಗೆ ಹಾಕ್ಲಿಲ್ಲ."

ಏಳು ವರ್ಷ! ನನ್ನ ಮಾತು ಕೇಳಿ ಇನ್ನೆಷ್ಟು ಕಾರ್ಖಾನೆಗಳಲ್ಲಿ ಕನ್ನಡಕ ಗೂಡು ಸೇರಿದೆಯೋ! ಕಾಣದ ಕಿರಣ, ಸ್ಟೀಲಿನ ಹೊಳಪು, ಕಣ್ಣಿನ ಮಸೂರ, ಎಲ್ಲವನ್ನೂ ಮತ್ತೆ ಹೇಳಿದೆ. ಭಜನಾ ಮಂಡಳಿಯನ್ನೂ ಬಿಡಲಿಲ್ಲ. ಪ್ರೀತಿ ಮರ್ಯಾದೆಯಿಂದ ಕೇಳಿಸಿಕೊಂಡು, "ಪಪ್ಪಾ ಸಾತ್ ಸಾಲ್ ಸೇ ಐಸೇ ಹೀ ಕರ್ ರಹೇ ಹೈಂ ಅಂಕಲ್, ಕುಛ್ ಹುವಾ ಕ್ಯಾ?" ಎಂದಳು. ಅಪ್ಪನಿಗೆ ಏಳು ವರ್ಷ ಏನೂ ಆಗಲಿಲ್ಲವಲ್ಲ! ಅವಳ ಕೈ ಆಗಲೇ ಸ್ವಿಚ್ಚಿನ ಕಡೆ ಹೋಗುತ್ತಿತ್ತು.

ಉತ್ತರ ಒಂದೇ ಇತ್ತು. ಅದು ನನ್ನ ಮುಖದ ಮೇಲೇ ಇತ್ತು. ಪಕ್ಕದಲ್ಲಿ ಶಾಲಿನಿ ಅವಲಕ್ಕಿಯ ತಟ್ಟೆ ಹಿಡಿದು ನಿಂತಿದ್ದಳು.

ನಾನು ಪ್ರೀತಿಯ ಎದುರು ಕುಳಿತು ಬಲಗಣ್ಣನ್ನು ಅಂಗೈಯಿಂದ ಮುಚ್ಚಿದೆ. "ಈಗ ನಿನ್ನ ಮೂಗಿನ ಕಡೆ ನೋಡುತ್ತಿದ್ದೇನೆ. ನಿನ್ನ ಎರಡು ಕಿವಿ ಕಾಣುತ್ತಿವೆ. ನೆತ್ತಿಯ ಹೂವು ಕಾಣುತ್ತಿದೆ. ಮೂಗು ಇಲ್ಲ, ಬಾಯಿಯೂ ಸರಿಯಾಗಿ ಇಲ್ಲ. ಮೂವತ್ತೆರಡು ವರ್ಷದಿಂದ ಇಲ್ಲ. ನನಗೂ ಮೂರು ವರ್ಷ ಏನೂ ಆಗಿರಲಿಲ್ಲ ಮಗಾ. ಆಮೇಲೆ ಒಂದು ದಿನ ಕೈಯಲ್ಲಿ ವಾಚು ಇತ್ತು, ಕಣ್ಣಿಗೆ ಕನ್ನಡಕ ಇರಲಿಲ್ಲ."

ಹಿಂದಿಯಲ್ಲಿ ಹೇಳಲು ಹೊರಟವನು ಕನ್ನಡದಲ್ಲೇ ಹೇಳಿದ್ದೆ. ಪ್ರೀತಿಗೆ ಪೂರ್ತಿ ಅರ್ಥವಾಗಿತ್ತು. ಅವಳ ಕೈ ಸ್ವಿಚ್ಚಿನಿಂದ ಹಿಂದೆ ಬಂತು.

ಹಿಂದಿನಿಂದ ಶಾಲಿನಿಯ ದನಿ ಕೇಳಿತು. "ಮತ್ತೆ ದಿವಾದ ಕಳ್ಳ?"

"ಕಳ್ಳ ಇಲ್ಲ."

"ಇಷ್ಟು ವರ್ಷ ಅವನ ಕೈ ಸೇದಿಹೋಗ್ಲಿ ಅಂದೆನಲ್ಲ ನಾನು!"

ಅಷ್ಟು ಹೇಳುವಾಗ ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅವಲಕ್ಕಿಯ ತಟ್ಟೆಯನ್ನು ಸದಾನಂದನ ಕೈಗೆ ಕೊಟ್ಟು ನೇರ ಗೂಡಿನ ಹತ್ತಿರ ಹೋದಳು. ಕೈಮುಗಿದು, ಗಣಪತಿಯ ಪಕ್ಕದಿಂದ ಕನ್ನಡಕ ತೆಗೆದು, ಸೆರಗಿನಿಂದ ಗಾಜು ಒರೆಸಿ ಪ್ರೀತಿಯ ಮುಂದೆ ಹಿಡಿದಳು. "ತಕ್ಕೊ. ಪ್ರಸಾದ ಇದು. ಪ್ರಸಾದವನ್ನು ಗೂಡಿನಲ್ಲೇ ಬಿಡುದಾ?"

ಪ್ರೀತಿ ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಹಾಕಿಕೊಂಡಳು. ನಾವೆಲ್ಲ ದೂರ ಸರಿದು ಯಂತ್ರಕ್ಕೆ ಬೆನ್ನು ಮಾಡಿ ನಿಂತೆವು. ಚಿರ್ ಎಂಬ ಸಣ್ಣ ಸದ್ದಾಯಿತು. ತಿರುಗಿ ನೋಡಿದರೆ ತಟ್ಟೆಯ ನಡುವೆ 'ಶ್ರೀ' ಮೂಡಿತ್ತು.

ಮನೆಗೆ ಬರುವಾಗ ಟ್ರೇನಿನಲ್ಲಿ ಶಾಲಿನಿ ನನ್ನಿಂದ ದೂರ, ಎದುರಿನ ಕಿಟಕಿಯ ಪಕ್ಕ ಕುಳಿತಳು. ದಿವಾ ಬಂತು. ಅವಳು ಕಿಟಕಿಯ ಕಡೆ ತಿರುಗಿ, ಯಾರೂ ಇಲ್ಲದ ಪ್ಲಾಟ್‌ಫಾರ್ಮಿನ ಮೂಲೆಗೆ ಕೈಮುಗಿದಳು. ಆಮೇಲೆ ಎದ್ದು ಬಂದು ನನ್ನ ಎಡಗಡೆ ಕುಳಿತಳು.

ಮರುದಿನ ಬೆಳಗ್ಗೆ ಏಳಕ್ಕೆ ಫೋನು ಹೊಡೆದುಕೊಂಡಿತು. ನಿವೃತ್ತನಾದವನಿಗೆ ದಸರಾದ ಮರುದಿನ ಯಾರು ಎಂದು ನೋಡಿದರೆ ಪ್ರೀತಿಯ ವಿಡಿಯೋ ಕಾಲ್.

"ಅಂಕಲ್, ಚಶ್ಮೇ ಕಾ ಕುಂಕುಮ್ ನಿಕಲ್ ನಹೀ ರಹಾ. ಕೈಸೇ ಸಾಫ್ ಕರೂಂ?"

ನಾನು ಬಾಯಿ ತೆರೆಯುವ ಮೊದಲೇ ಶಾಲಿನಿ ಫೋನು ಕಸಿದುಕೊಂಡಳು. "ಗಾಜಿಂದು ಒರೆಸು, ಕಡ್ಡಿಯದ್ದು ಇರ್ಲಿ. ಬಾಕಿ ಎಲ್ಲ ಕಾರ್ಖಾನೆಗೂ ಇವರು ಇವತ್ತೇ ಫೋನು ಮಾಡ್ತಾರೆ, ನಾನು ಪಕ್ಕದಲ್ಲೇ ಕೂತು ಮಾಡಿಸ್ತೇನೆ."

ಆಮೇಲೆ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ನಾನು ಬಲಗಣ್ಣು ಮುಚ್ಚಿ ನೋಡಿದೆ. ಪ್ರೀತಿಯ ಮೂಗು ಇರಲಿಲ್ಲ. ಎರಡೂ ಕಿವಿಗಳ ಮೇಲೆ ಕುಂಕುಮ ಹತ್ತಿದ ಕನ್ನಡಕದ ಕಡ್ಡಿಗಳು ಸ್ಪಷ್ಟವಾಗಿ ಕಂಡವು. ನನಗೆ ಅಷ್ಟು ಕಂಡರೆ ಸಾಕಾಗಿತ್ತು.